ಸ್ಫಿಂಕ್ಸ್ ಡಾಕ್ಯುಮೆಂಟೇಶನ್‌ನಲ್ಲಿ ಲಿಂಕ್ ಕಳಚಿದಾಗ: ಕೇಳಿದ ಹೆಸರು, ಬರೆದಿಟ್ಟ ಹೆಸರು

ಸ್ಫಿಂಕ್ಸ್ ಪುಟಗಳನ್ನು ತಯಾರಿಸುವ ಕೆಲಸ, ಅಂದರೆ ಬಿಲ್ಡ್, ಮುಗಿಯುತ್ತದೆ, ಟರ್ಮಿನಲ್‌ನಲ್ಲಿ ‘ಬಿಲ್ಡ್ ಸಕ್ಸೀಡೆಡ್’ ಎಂದು ಬರುತ್ತದೆ, ಪುಟಗಳೂ ಚೆನ್ನಾಗಿಯೇ ಕಾಣುತ್ತವೆ. ಆದರೆ ಫಂಕ್ಷನ್ನಿನ ವಿವರಣೆಯೊಳಗೆ ಬರುವ ಕ್ಲಾಸಿನ ಹೆಸರನ್ನು ಒತ್ತಿದರೆ ಏನೂ ಆಗುವುದಿಲ್ಲ. ನೋಡಲು ಲಿಂಕಿನ ಹಾಗೆಯೇ ಕೋಡ್ ಅಕ್ಷರದಲ್ಲಿದೆ, ಒಳಗೆ ವಿಳಾಸ ಮಾತ್ರ ಇಲ್ಲ.

ನಾನು ನೋಡಿಕೊಳ್ಳುವ ಪೈಥಾನ್ ಲೈಬ್ರರಿಯೊಂದರಲ್ಲಿ ಈ ದೋಷ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇತ್ತು. ಹೊಸದಾಗಿ ತಂಡಕ್ಕೆ ಸೇರಿದ ಹುಡುಗಿಯೊಬ್ಬಳು ಬಂದು, “ಸರ್, ಇಲ್ಲಿ ಯಾವ ಟೈಪ್ ಕೊಡ್ಬೇಕು ಅಂತ ಹೆಸರೇನೋ ಇದೆ, ಆ ಟೈಪ್ ಅಂದ್ರೆ ಏನು ಅಂತ ಎಲ್ಲಿ ನೋಡ್ಲಿ?” ಎಂದು ಕೇಳಿದಾಗಲೇ ನಮಗೆ ಗೊತ್ತಾದದ್ದು. ಅಷ್ಟರಲ್ಲಿ ಅವಳು ಅರ್ಧ ದಿನ ಸೋರ್ಸ್ ಕೋಡ್ ಜಾಲಾಡಿದ್ದಳು. ಆ ಟೈಪಿನ ಬಗ್ಗೆ ಒಂದಿಡೀ ಪುಟ ನಾವೇ ಬರೆದಿಟ್ಟಿದ್ದೆವು. ಪುಟವಿತ್ತು, ಅಲ್ಲಿಗೆ ಹೋಗುವ ದಾರಿ ಕಡಿದುಹೋಗಿತ್ತು. ಅಂದಿನಿಂದ ಇದನ್ನು ನಾನು ಸಣ್ಣ ದೋಷವೆಂದು ಎಣಿಸಿಲ್ಲ.

ಇಲ್ಲಿ ಹೇಳುವುದೆಲ್ಲ ಸ್ಫಿಂಕ್ಸ್‌ಗೆ ಸಂಬಂಧಿಸಿದ್ದು. ಪೈಥಾನ್ ಭಾಷೆಯ ಸ್ವಂತ ಡಾಕ್ಯುಮೆಂಟೇಶನ್‌ಗಾಗಿ ಗೇಯೋರ್ಗ್ ಬ್ರಾಂಡ್ಲ್ ಬರೆದು 2008ರಲ್ಲಿ ಬಿಡುಗಡೆ ಮಾಡಿದ, ಸಾದಾ ಬರಹದ ಫೈಲುಗಳಿಂದ ಡಾಕ್ಯುಮೆಂಟೇಶನ್ ಪುಟಗಳನ್ನು ತಯಾರಿಸುವ ಸಾಧನ ಅದು. ಇಂದು ನಮ್‌ಪೈ, ಜ್ಯಾಂಗೋ, ಲಿನಕ್ಸ್ ಕರ್ನಲ್ಲಿನ ದಾಖಲೆಗಳೂ ಅದರಲ್ಲೇ ಸಿದ್ಧವಾಗುತ್ತವೆ. ಉದಾಹರಣೆಗಳಿಗೆ ‘ಮಳೆ’ ಎಂಬ ಲೈಬ್ರರಿ, ಅದರಲ್ಲಿ ‘ಮಾಪಕ’ ಎಂಬ ಕ್ಲಾಸು, ‘ಓದು’ ಎಂಬ ಫಂಕ್ಷನ್ ಇವೆ ಎಂದಿಟ್ಟುಕೊಳ್ಳೋಣ.

ಮೊದಲು ಅದರ ಬಾಯಿ ಬಿಡಿಸಿ

ಕ್ಲಾಸು, ಫಂಕ್ಷನ್, ಮೆಥಡ್‌ಗಳ ಉಲ್ಲೇಖ ಸಿಗದಿದ್ದರೆ ಸ್ಫಿಂಕ್ಸ್ ತಾನಾಗಿ ಏನೂ ಹೇಳುವುದಿಲ್ಲ. ಆ ಹೆಸರನ್ನು ಬರಿಯ ಪದವಾಗಿ ಮುದ್ರಿಸಿ ಮುಂದೆ ಹೋಗುತ್ತದೆ. ರೋಲ್ ಎಂದರೆ ಉಲ್ಲೇಖ ಯಾವ ಬಗೆಯದು ಎಂದು ಹೇಳುವ ಗುರುತು. ವಿಭಾಗ, ಪುಟಗಳಿಗೆ ಕರೆದೊಯ್ಯುವ ‘ರೆಫ್’, ‘ಡಾಕ್’ ಮುಂತಾದ ಕೆಲವು ರೋಲ್‌ಗಳಿಗೆ ಮಾತ್ರ ಯಾವಾಗಲೂ ವಾರ್ನಿಂಗ್ ಬರುತ್ತದೆ. ಹಾಗಾಗಿ ಮೊದಲ ಕೆಲಸ ‘ಕಾನ್ಫ್.ಪೈ’ ಎಂಬ ಸೆಟ್ಟಿಂಗ್ ಫೈಲಿನಲ್ಲಿ ‘ನಿಟ್‌ಪಿಕಿ’ ಎಂಬುದನ್ನು ಟ್ರೂ ಮಾಡುವುದು, ಇಲ್ಲವೇ ‘ಸ್ಫಿಂಕ್ಸ್-ಬಿಲ್ಡ್’ ಕಮಾಂಡಿಗೆ ಸಣ್ಣಕ್ಷರದ ಎನ್ ಆಯ್ಕೆ ಕೊಡುವುದು. ಆಗ ಸಿಗದ ಪ್ರತಿ ಹೆಸರಿಗೂ ‘ರೆಫರೆನ್ಸ್ ಟಾರ್ಗೆಟ್ ನಾಟ್ ಫೌಂಡ್’ ಎಂಬ ಸಾಲು ಬರುತ್ತದೆ, ಯಾವ ಫೈಲು, ಯಾವ ಸಾಲು, ಯಾವ ರೋಲ್, ಯಾವ ಹೆಸರು ಎಂಬುದರ ಸಮೇತ.

ಇಲ್ಲೇ ಒಂದು ಮೋಸವಿದೆ. ಎರಡನೇ ಸಲ ಬಿಲ್ಡ್ ಮಾಡಿದಾಗ ವಾರ್ನಿಂಗ್‌ಗಳು ಮಾಯವಾಗಿರುತ್ತವೆ, ದೋಷ ಹಾಗೇ ಇರುತ್ತದೆ. ಸ್ಫಿಂಕ್ಸ್ ಹಿಂದಿನ ಸಲ ಓದಿದ್ದನ್ನು ‘ಡಾಕ್‌ಟ್ರೀಸ್’ ಫೋಲ್ಡರಿನಲ್ಲಿ ಉಳಿಸಿಕೊಂಡು, ಬದಲಾದ ಫೈಲುಗಳನ್ನಷ್ಟೇ ಮತ್ತೆ ಓದಿ ಬರೆಯುತ್ತದೆ. ಬದಲಾಗದ ಪುಟದೊಳಗಿನ ಕಡಿದ ಲಿಂಕಿನ ಬಗ್ಗೆ ಅದು ಮತ್ತೆ ಮಾತೆತ್ತುವುದಿಲ್ಲ. ಸರಿಹೋಯಿತೆಂದು ನಂಬಿ ನಾನು ಒಮ್ಮೆ ಬದಲಾವಣೆಯನ್ನು ಒಳಗೆ ಸೇರಿಸಿಯೂಬಿಟ್ಟಿದ್ದೆ. ದೋಷ ಹುಡುಕುವ ಹೊತ್ತಿನಲ್ಲಿ ಪ್ರತಿ ಸಲವೂ ‘ಮೇಕ್ ಕ್ಲೀನ್’ ಮಾಡಿ, ಇಲ್ಲವೇ ದೊಡ್ಡಕ್ಷರದ ಇ ಮತ್ತು ಸಣ್ಣಕ್ಷರದ ಎ ಆಯ್ಕೆಗಳನ್ನು ಜೊತೆಗೆ ಕೊಡಿ. ಮೊದಲನೆಯದು ಉಳಿಸಿಕೊಂಡದ್ದನ್ನು ಬದಿಗಿಡುತ್ತದೆ, ಎರಡನೆಯದು ಎಲ್ಲ ಪುಟಗಳನ್ನೂ ಹೊಸದಾಗಿ ಬರೆಯುತ್ತದೆ.

ಮೊದಲ ಸಲ ನೂರಾರು ಸಾಲು ಬಂದರೆ ಹೆದರಬೇಡಿ. ವಾರ್ನಿಂಗ್‌ಗಳನ್ನು ಒಂದು ಫೈಲಿಗೆ ಬರೆಸಿ, ಸಿಗದ ಹೆಸರಿನ ಪ್ರಕಾರ ಜೋಡಿಸಿ, ಯಾವ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ. ಬಹುತೇಕ ಯಾವಾಗಲೂ ಹತ್ತಾರು ಹೆಸರುಗಳೇ ಪಟ್ಟಿಯ ತುಂಬ ತುಂಬಿರುತ್ತವೆ. ಅದಕ್ಕೂ ಮುಂಚೆ, ಸಾಲುಗಳ ನಡುವೆ ಎಲ್ಲಾದರೂ ‘ಆಟೋಡಾಕ್: ಫೇಲ್ಡ್ ಟು ಇಂಪೋರ್ಟ್’ ಎಂದಿದೆಯೇ ನೋಡಿ. ಆಟೋಡಾಕ್ ಎಂದರೆ ಕೋಡಿನಿಂದಲೇ ವಿವರಣೆಗಳನ್ನು ಎತ್ತಿಕೊಳ್ಳುವ ಸ್ಫಿಂಕ್ಸ್ ವಿಸ್ತರಣೆ. ಅದು ನಿಮ್ಮ ಮಾಡ್ಯೂಲನ್ನು ನಿಜವಾಗಿಯೇ ಇಂಪೋರ್ಟ್ ಮಾಡುತ್ತದೆ. ಬಿಲ್ಡ್ ಆಗುವ ಸರ್ವರಿನಲ್ಲಿ ಒಂದು ಅವಲಂಬನೆ (ನಿಮ್ಮ ಕೋಡಿಗೆ ಬೇಕಾದ ಬೇರೆ ಲೈಬ್ರರಿ) ಇನ್‌ಸ್ಟಾಲ್ ಆಗಿಲ್ಲದಿದ್ದರೆ ಇಡೀ ಮಾಡ್ಯೂಲೇ ಓದಿಗೆ ಸಿಗದೆ, ಅದರೊಳಗಿನ ಎಲ್ಲ ಹೆಸರುಗಳೂ ಒಟ್ಟಿಗೆ ಕಾಣೆಯಾಗುತ್ತವೆ. ಅವಲಂಬನೆಯನ್ನು ಇನ್‌ಸ್ಟಾಲ್ ಮಾಡಿ. ಅದು ತೀರಾ ಭಾರವಾದದ್ದಾದರೆ ‘ಆಟೋಡಾಕ್_ಮಾಕ್_ಇಂಪೋರ್ಟ್ಸ್’ ಪಟ್ಟಿಗೆ ಅದರ ಹೆಸರು ಸೇರಿಸಿ. ಇದೊಂದನ್ನು ಸರಿಪಡಿಸಿದರೆ ಎಷ್ಟೋ ಸಲ ಮುಕ್ಕಾಲು ಪಟ್ಟಿ ಕರಗುತ್ತದೆ.

ಹಾಜರಿ ಪುಸ್ತಕವನ್ನು ತೆರೆದು ನೋಡಿ

ಸ್ಫಿಂಕ್ಸ್ ತಾನು ದಾಖಲಿಸಿದ ಪ್ರತಿಯೊಂದು ಹೆಸರನ್ನೂ ಒಂದು ಪಟ್ಟಿಯಲ್ಲಿ ಬರೆದಿಡುತ್ತದೆ. ಎಚ್‌ಟಿಎಂಎಲ್ ಬಿಲ್ಡ್ ಆದಾಗ ಅದು ‘ಆಬ್ಜೆಕ್ಟ್ಸ್.ಇನ್ವ್’ ಎಂಬ ಫೈಲಾಗಿ ಪುಟಗಳ ಜೊತೆಗೇ ಬರುತ್ತದೆ. ಅದರ ಮೊದಲ ನಾಲ್ಕು ಸಾಲು ಸಾದಾ ಅಕ್ಷರದಲ್ಲಿರುತ್ತವೆ, ಉಳಿದದ್ದು ಜೆಡ್‌ಲಿಬ್‌ನಿಂದ ಒತ್ತಿದ ಪಟ್ಟಿ. ಪ್ರತಿ ದಾಖಲೆಯಲ್ಲಿ ಪೂರ್ತಿ ಹೆಸರು, ಅದು ಕ್ಲಾಸೋ ಫಂಕ್ಷನ್ನೋ ಎಂಬ ಬಗೆ, ಆದ್ಯತೆ, ಪುಟದ ವಿಳಾಸ, ತೋರಿಸುವ ಹೆಸರು ಇರುತ್ತವೆ. ‘ಪೈಥಾನ್ -ಎಂ ಸ್ಫಿಂಕ್ಸ್.ಎಕ್ಸ್‌ಟ್.ಇಂಟರ್‌ಸ್ಫಿಂಕ್ಸ್’ ಎಂದು ಕೊಟ್ಟು, ಮುಂದೆ ಆ ಫೈಲಿನ ದಾರಿಯನ್ನೋ ವೆಬ್ ವಿಳಾಸವನ್ನೋ ಬರೆದರೆ ಇಡೀ ಪಟ್ಟಿ ಓದುವ ಹಾಗೆ ತೆರೆದುಕೊಳ್ಳುತ್ತದೆ.

ಕಡಿದ ಲಿಂಕಿನ ರೋಗಪತ್ತೆ ಎಂದರೆ ವಾರ್ನಿಂಗ್‌ನಲ್ಲಿರುವ ಹೆಸರನ್ನು ಈ ಪಟ್ಟಿಯಲ್ಲಿ ಹುಡುಕುವುದು, ಅಷ್ಟೇ. ಸೆಟ್ಟಿಂಗ್ ಬದಲಿಸುತ್ತಾ ಕೂರುವ ಮೊದಲು ಇದನ್ನು ಮಾಡಿ. ಉತ್ತರ ಮೂರೇ ಬಗೆ: ಹೆಸರು ಪಟ್ಟಿಯಲ್ಲೇ ಇಲ್ಲ, ಬೇರೆ ರೂಪದಲ್ಲಿದೆ, ಅಥವಾ ಬೇರೆಯವರ ಪಟ್ಟಿಯಲ್ಲಿದ್ದು ನಮಗೆ ಆ ಪಟ್ಟಿ ಸಿಕ್ಕಿಲ್ಲ.

ಪಟ್ಟಿಯಲ್ಲೇ ಇಲ್ಲದಿದ್ದರೆ ಆ ವಸ್ತುವನ್ನು ಯಾರೂ ದಾಖಲಿಸಿಲ್ಲ ಎಂದರ್ಥ. ಡಾಕ್‌ಸ್ಟ್ರಿಂಗ್ (ಕೋಡಿನೊಳಗೇ ಬರೆಯುವ ವಿವರಣೆ) ಇಲ್ಲದ ಮೆಥಡನ್ನು ಆಟೋಡಾಕ್‌ನ ‘ಮೆಂಬರ್ಸ್’ ಆಯ್ಕೆ ಬಿಟ್ಟುಬಿಡುತ್ತದೆ. ‘ಅನ್‌ಡಾಕ್-ಮೆಂಬರ್ಸ್’ ಸೇರಿಸಬಹುದು, ಆದರೆ ಎರಡು ಸಾಲಿನ ಡಾಕ್‌ಸ್ಟ್ರಿಂಗ್ ಬರೆಯುವುದೇ ಓದುಗರಿಗೆ ಮಾಡುವ ಉಪಕಾರ. ತಾಯಿ ಕ್ಲಾಸಿನಿಂದ ಬಂದ ಮೆಥಡನ್ನು ಮಗುವಿನ ಹೆಸರಿನಲ್ಲಿ ಕರೆದಾಗಲೂ ಇದೇ ಆಗುತ್ತದೆ. ಅದಕ್ಕೆ ‘ಇನ್ಹೆರಿಟೆಡ್-ಮೆಂಬರ್ಸ್’ ಬೇಕು, ಅಥವಾ ಉಲ್ಲೇಖವನ್ನೇ ತಾಯಿ ಕ್ಲಾಸಿನ ಹೆಸರಿಗೆ ತಿದ್ದಬೇಕು.

ಒಂದೇ ವಸ್ತುವಿಗೆ ಎರಡು ಹೆಸರು

ನನ್ನ ಅನುಭವದಲ್ಲಿ ಅತಿ ಹೆಚ್ಚು ಹೊತ್ತು ನುಂಗುವುದು ಎರಡನೇ ಬಗೆ. ಮನೆಯಲ್ಲಿ ಪುಟ್ಟ, ಶಾಲೆಯ ಹಾಜರಿ ಪುಸ್ತಕದಲ್ಲಿ ನಾಗರಾಜ. ಶಾಲೆಗೆ ಹೋಗಿ ಪುಟ್ಟ ಬಂದಿದ್ದಾನೆಯೇ ಎಂದು ಕೇಳಿದರೆ ಮೇಷ್ಟ್ರು ಇಲ್ಲ ಎನ್ನುತ್ತಾರೆ, ಹುಡುಗ ಎರಡನೇ ಬೆಂಚಿನಲ್ಲೇ ಕೂತಿರುತ್ತಾನೆ.

ಕ್ಲಾಸನ್ನು ‘ಮಳೆ/_ಒಳಗೆ.ಪೈ’ ಫೈಲಿನಲ್ಲಿ ಬರೆದು, ಪ್ಯಾಕೇಜಿನ ‘ಇನಿಟ್’ ಫೈಲಿನಲ್ಲಿ ಇಂಪೋರ್ಟ್ ಮಾಡಿ ‘ಮಳೆ.ಮಾಪಕ’ ಎಂಬ ಸೊಗಸಾದ ಹೆಸರಿನಲ್ಲಿ ಹೊರಗೆ ಕೊಡುವುದು ಎಷ್ಟೋ ಲೈಬ್ರರಿಗಳ ರೂಢಿ. ಆದರೆ ಪೈಥಾನ್‌ನ ಒಳಗೆ ಆ ಕ್ಲಾಸಿನ ‘__ಮಾಡ್ಯೂಲ್__’ ಇನ್ನೂ ‘ಮಳೆ._ಒಳಗೆ’ ಎಂದೇ ಇರುತ್ತದೆ. ಪಾಂಡಾಸ್ 2ರಲ್ಲಿ ಡೇಟಾಫ್ರೇಮ್ ಒಂದರ ಟೈಪ್ ಕೇಳಿ ನೋಡಿ. ನಾವು ‘ಪಾಂಡಾಸ್.ಡೇಟಾಫ್ರೇಮ್’ ಎಂದೇ ಬರೆಯುತ್ತೇವೆ, ಅದು ‘ಪಾಂಡಾಸ್.ಕೋರ್.ಫ್ರೇಮ್.ಡೇಟಾಫ್ರೇಮ್’ ಎಂದು ಉತ್ತರಿಸುತ್ತದೆ. ಆಟೋಡಾಕ್, ಕೋಡಿನಲ್ಲಿ ಟೈಪ್ ಸೂಚಿಸುವ ಟೈಪ್ ಹಿಂಟ್‌ಗಳನ್ನು ಬಿಡಿಸುವಾಗ ಈ ಒಳಗಿನ ಹೆಸರನ್ನೇ ಕೇಳುತ್ತದೆ. ನೀವು ದಾಖಲಿಸಿದ್ದು ಹೊರಗಿನ ಹೆಸರಿನಲ್ಲಿ. ಎರಡೂ ಕೂಡುವುದಿಲ್ಲ.

ಸ್ಫಿಂಕ್ಸ್ 4.0ರಿಂದ ಇದಕ್ಕೆ ‘ಕೆನಾನಿಕಲ್’ ಎಂಬ ಆಯ್ಕೆ ಇದೆ. ಹೊರಗಿನ ಹೆಸರಿನಲ್ಲಿ ದಾಖಲಿಸಿದ ವಸ್ತುವಿಗೆ ಒಳಗಿನ ಹೆಸರೂ ಇದೇ ಎಂದು ಅದು ಪಟ್ಟಿಯಲ್ಲಿ ನಮೂದಿಸುತ್ತದೆ. ಆಟೋಡಾಕ್ ಮೂಲಕ ಬರುವ ಕ್ಲಾಸುಗಳಿಗೆ ಇದು ತಾನಾಗಿಯೇ ಸೇರುತ್ತದೆ. ಕೈಯಿಂದ ಬರೆದ ಕ್ಲಾಸ್ ಡೈರೆಕ್ಟಿವ್‌ಗೆ ನೀವೇ ಸೇರಿಸಬೇಕು. ಫಂಕ್ಷನ್‌ಗಳಿಗೆ ತಾನಾಗಿ ಸೇರುವುದಿಲ್ಲ, ಆದ್ದರಿಂದ ‘ಮಳೆ._ಒಳಗೆ.ಓದು’ ಎಂದು ಯಾರಾದರೂ ಹಳೆಯ ಡಾಕ್‌ಸ್ಟ್ರಿಂಗ್‌ನಲ್ಲಿ ಬರೆದಿದ್ದರೆ ಅದು ಕಡಿದೇ ಇರುತ್ತದೆ. ಅಂಥದ್ದನ್ನು ಒಂದೊಂದಾಗಿ ‘ಮಳೆ.ಓದು’ ಎಂದು ತಿದ್ದುವುದೇ ಸರಿ. ಒಳಗಿನ ಫೈಲಿನ ಹೆಸರು ಓದುಗರಿಗೆ ಬೇಕಿಲ್ಲ.

ಬೇರಿನಲ್ಲೇ ಸರಿಪಡಿಸುವ ದಾರಿಯೂ ಉಂಟು. ಹೊರಗೆ ಕೊಡುವ ವಸ್ತುಗಳ ‘__ಮಾಡ್ಯೂಲ್__’ ಅನ್ನೇ ‘ಮಳೆ’ ಎಂದು ಬದಲಿಸಿಬಿಡುವುದು. ನಮ್‌ಪೈ ತನ್ನ ಫಂಕ್ಷನ್‌ಗಳಿಗೆ ‘ಸೆಟ್_ಮಾಡ್ಯೂಲ್’ ಎಂಬ ಡೆಕೊರೇಟರ್ ಹಾಕಿ ಮಾಡುವುದು ಇದನ್ನೇ. ನನಗೆ ಹಿಡಿಸಿದ್ದೂ ಇದೇ, ಏಕೆಂದರೆ ಎರರ್ ಮೆಸೇಜಿನಲ್ಲೂ ಓದುಗರು ಬಲ್ಲ ಹೆಸರೇ ಬರುತ್ತದೆ. ಮಾಡಬಾರದ್ದು ಒಂದಿದೆ: ಎರಡೂ ಹೆಸರಿನಲ್ಲಿ ಎರಡು ಕಡೆ ದಾಖಲಿಸುವುದು. ‘ಡೂಪ್ಲಿಕೇಟ್ ಆಬ್ಜೆಕ್ಟ್ ಡಿಸ್ಕ್ರಿಪ್ಶನ್’ ವಾರ್ನಿಂಗ್ ಅಲ್ಲಿಂದಲೇ ಬರುತ್ತದೆ, ಮತ್ತು ಓದುಗರು ಎರಡು ಪುಟಗಳಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯದೆ ನಿಲ್ಲುತ್ತಾರೆ.

ಬರಿಯ ‘ಮಾಪಕ’ ಎಂದಷ್ಟೇ ಬರೆದ ಉಲ್ಲೇಖಗಳದು ಇನ್ನೊಂದು ಕತೆ. ಸ್ಫಿಂಕ್ಸ್ ಅದನ್ನು ಇದ್ದ ಹಾಗೆಯೂ, ಈಗಿನ ಕ್ಲಾಸಿನ ಒಳಗೂ, ಈಗಿನ ಮಾಡ್ಯೂಲಿನ ಒಳಗೂ ಹುಡುಕುತ್ತದೆ. ಮೇಲಿನ ಪ್ಯಾಕೇಜಿಗೆ ಹತ್ತಿ ನೋಡುವುದಿಲ್ಲ. ‘ಮಳೆ.ಕಡತ’ ಮಾಡ್ಯೂಲಿನ ಡಾಕ್‌ಸ್ಟ್ರಿಂಗ್‌ನಲ್ಲಿ ‘ಮಾಪಕ’ ಎಂದರೆ ‘ಮಳೆ.ಕಡತ.ಮಾಪಕ’ ಇದೆಯೇ ಎಂದು ನೋಡಿ ಕೈಬಿಡುತ್ತದೆ. ಪೂರ್ತಿ ಹೆಸರು ಬರೆದು ಅದರ ಮೊದಲಿಗೆ ‘~’ ಹಾಕಿ, ಆಗ ಪುಟದಲ್ಲಿ ಕೊನೆಯ ಭಾಗ ಮಾತ್ರ ಕಾಣುತ್ತದೆ. ಮೊದಲಿಗೆ ಚುಕ್ಕಿ ಇಟ್ಟು ‘.ಮಾಪಕ’ ಎಂದರೆ ಎಲ್ಲೇ ಇದ್ದರೂ ಹುಡುಕುತ್ತದೆ ನಿಜ, ಆದರೆ ನಾಳೆ ಇನ್ನೊಂದು ಮಾಡ್ಯೂಲಿನಲ್ಲಿ ಅದೇ ಹೆಸರಿನ ಕ್ಲಾಸು ಹುಟ್ಟಿದರೆ ‘ಮೋರ್ ದ್ಯಾನ್ ಒನ್ ಟಾರ್ಗೆಟ್ ಫೌಂಡ್’ ಎಂಬ ಗೊಂದಲ ಶುರುವಾಗುತ್ತದೆ.

ಟೈಪ್ ಹಿಂಟ್‌ಗಳಲ್ಲಿ ಹೀಗೆ ಬರಿಯ ಹೆಸರು ಉಳಿದಿದ್ದರೆ ‘ಟೈಪ್_ಚೆಕಿಂಗ್’ ಷರತ್ತಿನೊಳಗೆ ಮಾಡಿದ ಇಂಪೋರ್ಟನ್ನು ಅನುಮಾನಿಸಿ. ಓಡುವ ಹೊತ್ತಿನಲ್ಲಿ ಆ ಇಂಪೋರ್ಟ್ ನಡೆಯದ್ದರಿಂದ ಹೆಸರು ಬಿಡಿಸಿಕೊಳ್ಳುವುದಿಲ್ಲ. ಫೈಲಿನ ಮೇಲೆ ‘ಫ್ಯೂಚರ್’ನಿಂದ ‘ಅನೊಟೇಶನ್ಸ್’ ಇಂಪೋರ್ಟ್ ಇದ್ದರೆ ‘ಆಟೋಡಾಕ್_ಟೈಪ್_ಅಲಿಯಾಸಸ್’ ಎಂಬ ಸೆಟ್ಟಿಂಗಿನಲ್ಲಿ ಆ ಗಿಡ್ಡ ಹೆಸರಿಗೆ ಪೂರ್ತಿ ಹೆಸರನ್ನು ಜೋಡಿಸಬಹುದು.

ಹಾಗೆಯೇ, ಮಾರ್ಕ್‌ಡೌನ್ ರೂಢಿಯವರು ಒಂಟಿ ಬ್ಯಾಕ್‌ಟಿಕ್‌ನಲ್ಲಿ ಹೆಸರು ಬರೆದು ಬಿಡುತ್ತಾರೆ. ರಿಸ್ಟ್ರಕ್ಚರ್ಡ್‌ಟೆಕ್ಸ್ಟ್‌ನಲ್ಲಿ (ಸ್ಫಿಂಕ್ಸ್ ಪುಟಗಳನ್ನು ಬರೆಯುವ ಗುರುತುಭಾಷೆ) ಅದು ಬರಿಯ ಓರೆಯಕ್ಷರ, ವಾರ್ನಿಂಗ್ ಕೂಡ ಬರದು. ‘ಡೀಫಾಲ್ಟ್_ರೋಲ್’ ಅನ್ನು ‘ಎನಿ’ ಎಂದು ಇಟ್ಟರೆ ಅವೆಲ್ಲ ಒಮ್ಮೆಲೇ ಬೆಳಕಿಗೆ ಬರುತ್ತವೆ.

ಪಕ್ಕದ ಮನೆಯ ಪಟ್ಟಿ

ಪೈಥಾನ್, ನಮ್‌ಪೈ ಮುಂತಾದವರ ಪುಟಗಳಿಗೆ ಲಿಂಕ್ ಹಾಕುವುದು ಇಂಟರ್‌ಸ್ಫಿಂಕ್ಸ್. ಅದು ಅವರ ‘ಆಬ್ಜೆಕ್ಟ್ಸ್.ಇನ್ವ್’ ತಂದು ಹುಡುಕುತ್ತದೆ. ಇಲ್ಲಿ ಮೊದಲು ನೋಡಬೇಕಾದ್ದು ಬಿಲ್ಡ್ ಶುರುವಾದಾಗ ‘ಫೇಲ್ಡ್ ಟು ರೀಚ್ ಎನಿ ಆಫ್ ದಿ ಇನ್ವೆಂಟರೀಸ್’ ಎಂದು ಬಂದಿದೆಯೇ ಎಂಬುದನ್ನು. ಬಂದಿದ್ದರೆ ‘ಇಂಟರ್‌ಸ್ಫಿಂಕ್ಸ್_ಮ್ಯಾಪಿಂಗ್’ನ ವಿಳಾಸದ ಕೊನೆಗೆ ಆ ಫೈಲಿನ ಹೆಸರು ಸೇರಿಸಿ ಬ್ರೌಸರಿನಲ್ಲಿ ತೆರೆಯಿರಿ. ಫೈಲ್ ಇಳಿದರೆ ವಿಳಾಸ ಸರಿ, ನಿಮ್ಮ ಸರ್ವರಿನ ನೆಟ್‌ವರ್ಕ್ ತಡೆಯುತ್ತಿದೆ. ಇಳಿಯದಿದ್ದರೆ ವಿಳಾಸ ತಪ್ಪು. ಡಾಕ್ಯುಮೆಂಟೇಶನ್ ಇಡುವ ತಾಣ ರೀಡ್ ದ ಡಾಕ್ಸ್‌ನಲ್ಲಿರುವ ಯೋಜನೆಗಳಿಗೆ ಭಾಷೆ ಮತ್ತು ಆವೃತ್ತಿಯ ಭಾಗಗಳನ್ನು ಬಿಟ್ಟುಬಿಡುವುದು ಸಾಮಾನ್ಯ ತಪ್ಪು.

ನೆನಪಿಡಬೇಕಾದ ಮೂರು ಸಂಗತಿಗಳಿವೆ. ತಂದ ಪಟ್ಟಿಯನ್ನು ಸ್ಫಿಂಕ್ಸ್ ಐದು ದಿನ ಇಟ್ಟುಕೊಳ್ಳುತ್ತದೆ, ಹಾಗಾಗಿ ಅವರು ನಿನ್ನೆ ಸೇರಿಸಿದ ಹೆಸರು ನಿಮಗೆ ಇಂದು ಸಿಗದಿರಬಹುದು. ಆವೃತ್ತಿ 5.0ರಿಂದ ಹೊರಗಿನ ‘ಡಾಕ್’ ಉಲ್ಲೇಖಗಳು ತಾವಾಗಿ ಬಿಡಿಸಿಕೊಳ್ಳುವುದಿಲ್ಲ, ಯಾರ ಪಟ್ಟಿ ಎಂದು ಮ್ಯಾಪಿಂಗ್‌ನ ಹೆಸರನ್ನು ಮುಂದೆ ಹೇಳಲೇಬೇಕು. 8.0ರಲ್ಲಿ ಮ್ಯಾಪಿಂಗ್ ಬರೆಯುವ ಹಳೆಯ ರೂಪವನ್ನು, ಅಂದರೆ ಹೆಸರಿಲ್ಲದೆ ವಿಳಾಸವನ್ನೇ ಕೀಲಿಯಾಗಿ ಕೊಡುವುದನ್ನು, ಕಿತ್ತುಹಾಕಿದ್ದಾರೆ. ಸ್ಫಿಂಕ್ಸ್ ಹೊಸದು ಮಾಡಿದ ಮರುದಿನವೇ ಹೊರಗಿನ ಲಿಂಕುಗಳೆಲ್ಲ ಹೋದವು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಇದನ್ನೇ.

ಬಗೆಯ ವ್ಯತ್ಯಾಸ ಕಾಡುವುದೂ ಇಲ್ಲಿ. ನಮ್ಮದೇ ಪುಟಗಳಲ್ಲಿ ಪೂರ್ತಿ ಹೆಸರು ಸರಿಯಿದ್ದರೆ ಕ್ಲಾಸೋ ಡೇಟಾವೋ ಎಂದು ಸ್ಫಿಂಕ್ಸ್ ನೋಡುವುದಿಲ್ಲ. ಪಕ್ಕದವರ ಪಟ್ಟಿಯಲ್ಲಿ ಬಗೆಯೂ ಹೊಂದಬೇಕು. ನಮ್‌ಪೈನ ‘ಅರೇಲೈಕ್’ ಅಲ್ಲಿ ಡೇಟಾ ಎಂದು ದಾಖಲಾಗಿತ್ತು, ನಮ್ಮ ಟೈಪ್ ಹಿಂಟ್ ಅದನ್ನು ಕ್ಲಾಸ್ ಎಂದು ಕೇಳುತ್ತಿತ್ತು. ‘ಮಿಸ್ಸಿಂಗ್-ರೆಫರೆನ್ಸ್’ ಎಂಬ ಘಟನೆಗೆ ಪುಟ್ಟ ಫಂಕ್ಷನ್ ಜೋಡಿಸಿ, ಕ್ಲಾಸ್ ಎಂದು ಸಿಗದಿದ್ದರೆ ಡೇಟಾ ಎಂದು ಮತ್ತೊಮ್ಮೆ ಕೇಳುವಂತೆ ಮಾಡಿದೆ. ಕೈಯಿಂದ ಬರೆದ ಉಲ್ಲೇಖವಾದರೆ ರೋಲ್ ಬದಲಿಸಿದರೆ ಸಾಕು.

‘ರೆಫ್’ ಲೇಬಲ್‌ಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ತಪ್ಪು ಒಂದೇ. ಲೇಬಲ್ಲಿನಲ್ಲಿ ಅಂಡರ್‌ಸ್ಕೋರ್ ಇದ್ದರೆ ಬ್ರೌಸರಿನ ವಿಳಾಸದಲ್ಲಿ ಅದು ಹೈಫನ್ ಆಗಿ ಕಾಣುತ್ತದೆ. ಜನ ವಿಳಾಸದಿಂದ ನಕಲು ಮಾಡಿ ‘ರೆಫ್’ಗೆ ಹಾಕುತ್ತಾರೆ, ‘ಅನ್‌ಡಿಫೈನ್ಡ್ ಲೇಬಲ್’ ಬರುತ್ತದೆ. ಯಾವಾಗಲೂ ಮೂಲ ಫೈಲಿನಿಂದಲೇ ನಕಲು ಮಾಡಿ.

ಕನ್ನಡದಲ್ಲಿ ಬರೆಯುವಾಗ ಬರುವ ತೊಂದರೆ

ನಮ್ಮ ಲೈಬ್ರರಿಯ ಪರಿಚಯ ಭಾಗವನ್ನು ಕನ್ನಡಕ್ಕೆ ತಂದಾಗ ಇಂಗ್ಲಿಷ್ ಪುಟಗಳಲ್ಲಿ ಸರಿಯಿದ್ದ ಲಿಂಕುಗಳು ಸಾಲುಸಾಲಾಗಿ ಕೆಟ್ಟವು. ಕಾರಣ ನಮ್ಮ ವಿಭಕ್ತಿ ಪ್ರತ್ಯಯ. ಹೆಸರಿಗೆ ‘ನಲ್ಲಿ’, ‘ಗೆ’, ‘ಇಂದ’ಗಳನ್ನು ಅಂಟಿಸಿ ಬರೆಯುವುದು ನಮಗೆ ಸಹಜ. ಆದರೆ ರಿಸ್ಟ್ರಕ್ಚರ್ಡ್‌ಟೆಕ್ಸ್ಟ್‌ನ ನಿಯಮದಂತೆ ಮುಚ್ಚುವ ಬ್ಯಾಕ್‌ಟಿಕ್ ಆದಮೇಲೆ ಖಾಲಿ ಜಾಗವೋ ವಿರಾಮಚಿಹ್ನೆಯೋ ಬರಬೇಕು. ಅಕ್ಷರ ಬಂದರೆ ಅದು ಮುಚ್ಚಿದ್ದೇ ಅಲ್ಲ ಎಂದು ತಿಳಿಯುತ್ತದೆ.

ತಪ್ಪು: :ಕ್ಲಾಸ್:`ಮಳೆ.ಮಾಪಕ`ದಲ್ಲಿ
ಸರಿ: :ಕ್ಲಾಸ್:`ಮಳೆ.ಮಾಪಕ`\ ದಲ್ಲಿ

ಬ್ಯಾಕ್‌ಸ್ಲ್ಯಾಶ್ ಮತ್ತು ಅದರ ಮುಂದಿನ ಖಾಲಿ ಜಾಗ ಎರಡೂ ಪುಟದಲ್ಲಿ ಕಾಣುವುದಿಲ್ಲ, ಪ್ರತ್ಯಯ ಹೆಸರಿಗೆ ಅಂಟಿಕೊಂಡೇ ಬರುತ್ತದೆ. ಪಿಒ ಫೈಲುಗಳ (ಮೂಲ ವಾಕ್ಯ, ಅದರ ಅನುವಾದ ಜೋಡಿಯಾಗಿರುವ ಫೈಲುಗಳ) ಮೂಲಕ ಅನುವಾದ ಮಾಡುತ್ತಿದ್ದರೆ ಅಲ್ಲಿ ಬ್ಯಾಕ್‌ಸ್ಲ್ಯಾಶನ್ನು ಎರಡು ಸಲ ಬರೆಯಬೇಕು, ಒಂದನ್ನು ಆ ಫೈಲಿನ ರೀತಿಯೇ ನುಂಗಿಬಿಡುತ್ತದೆ. ಇದು ತಿಳಿಯದೆ ನಾವು ಒಂದು ಸಂಜೆ ಪೂರ್ತಿ ಕಳೆದೆವು. ಒಂದೇ ಪ್ಯಾರಾದಲ್ಲಿ ಎರಡು ಉಲ್ಲೇಖಗಳಿದ್ದರೆ ಮೊದಲನೆಯದು ಮುಚ್ಚಿಕೊಳ್ಳದೆ ಎರಡನೆಯದರ ತನಕ ಎಲ್ಲವನ್ನೂ ಒಂದೇ ಹೆಸರೆಂದು ಎಳೆದುಕೊಳ್ಳುತ್ತದೆ, ಆಗ ವಾರ್ನಿಂಗ್‌ನಲ್ಲಿ ಅರ್ಧ ವಾಕ್ಯವೇ ಹೆಸರಾಗಿ ಕಾಣುತ್ತದೆ. ಅಂಥ ವಾರ್ನಿಂಗ್ ಕಂಡರೆ ಕಾರಣ ಇದೇ ಎಂದು ತಿಳಿಯಿರಿ. ಅನುವಾದದಲ್ಲಿ ಉಲ್ಲೇಖಗಳ ಲೆಕ್ಕ ತಪ್ಪಿದಾಗ ಸ್ಫಿಂಕ್ಸ್ ‘ಇನ್‌ಕನ್ಸಿಸ್ಟೆಂಟ್ ರೆಫರೆನ್ಸಸ್ ಇನ್ ಟ್ರಾನ್ಸ್‌ಲೇಟೆಡ್ ಮೆಸೇಜ್’ ಎಂದು ಮೂಲವನ್ನೂ ಅನುವಾದವನ್ನೂ ಪಕ್ಕಪಕ್ಕ ತೋರಿಸುತ್ತದೆ.

ಈಗ ನಾನು ಬ್ಯಾಕ್‌ಸ್ಲ್ಯಾಶನ್ನೂ ಆದಷ್ಟು ತಪ್ಪಿಸುತ್ತೇನೆ. ಹೆಸರಾದಮೇಲೆ ಬೇರೆಯಾಗಿ ಒಂದು ಪದವಿಟ್ಟು ಪ್ರತ್ಯಯವನ್ನು ಅದಕ್ಕೆ ಕೊಡುವುದು ಸುಲಭ: ‘ಮಾಪಕ ಕ್ಲಾಸಿನಲ್ಲಿ’, ‘ಓದು ಫಂಕ್ಷನ್ನಿಗೆ’. ಓದಲೂ ಹಿತ, ಲಿಂಕೂ ಕ್ಷೇಮ.

ನೇರವಾಗಿ ಕನ್ನಡದಲ್ಲೇ ಬರೆದ ಪುಟಗಳಿಗೆ ಇನ್ನೊಂದು ಎಚ್ಚರಿಕೆ. ತಲೆಬರಹದಿಂದ ವೆಬ್ ವಿಳಾಸದ ಗುರುತು ಮಾಡುವಾಗ, ಸ್ಫಿಂಕ್ಸ್‌ಗೆ ತಳಹದಿಯಾದ ಡಾಕ್‌ಯುಟಿಲ್ಸ್ ಇಂಗ್ಲಿಷ್ ಅಕ್ಷರ, ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಪೂರ್ತಿ ಕನ್ನಡದ ತಲೆಬರಹದಲ್ಲಿ ಏನೂ ಉಳಿಯದೆ ‘ಐಡಿ1’, ‘ಐಡಿ2’ ಎಂದು ಕ್ರಮಸಂಖ್ಯೆ ಕೊಡುತ್ತದೆ. ನಡುವೆ ಒಂದು ಹೊಸ ವಿಭಾಗ ಸೇರಿಸಿದ ದಿನ ಸಂಖ್ಯೆಗಳೆಲ್ಲ ಜರುಗಿ, ಹೊರಗಿನವರು ಉಳಿಸಿಕೊಂಡ ಲಿಂಕು ಬೇರೆಯೇ ವಿಭಾಗಕ್ಕೆ ಹೋಗುತ್ತದೆ. ಯಾವ ಸಾಧನವೂ ಇದನ್ನು ದೋಷವೆಂದು ಹೇಳುವುದಿಲ್ಲ, ಏಕೆಂದರೆ ಲಿಂಕ್ ಕಡಿದಿಲ್ಲ, ತಪ್ಪು ಮನೆಗೆ ಹೋಗಿದೆ. ಪ್ರತಿ ತಲೆಬರಹದ ಮೇಲೂ ಇಂಗ್ಲಿಷ್ ಅಕ್ಷರದ ಲೇಬಲ್ ಒಂದನ್ನು ಇಡಿ, ಆ ಗುರುತು ಅಲುಗುವುದಿಲ್ಲ.

ಮತ್ತೆ ಕೆಡದ ಹಾಗೆ

ಪಟ್ಟಿ ಖಾಲಿಯಾದ ದಿನವೇ ಸಿಐನಲ್ಲಿ (ಪ್ರತಿ ಬದಲಾವಣೆಗೂ ತಾನಾಗಿ ಬಿಲ್ಡ್ ಮಾಡುವ ವ್ಯವಸ್ಥೆಯಲ್ಲಿ) ದೊಡ್ಡಕ್ಷರದ ಡಬ್ಲ್ಯೂ ಆಯ್ಕೆ ಸೇರಿಸಿ, ವಾರ್ನಿಂಗ್ ಬಂದರೆ ಬಿಲ್ಡ್ ಫೇಲ್ ಆಗಲಿ. 8.1ಕ್ಕಿಂತ ಹಳೆಯ ಸ್ಫಿಂಕ್ಸ್ ಮೊದಲ ವಾರ್ನಿಂಗ್‌ಗೇ ನಿಂತುಬಿಡುತ್ತದೆ, ಅದಕ್ಕೆ ‘ಕೀಪ್-ಗೋಯಿಂಗ್’ ಕೂಡ ಕೊಡಿ. ನಿಜಕ್ಕೂ ಸರಿಪಡಿಸಲಾಗದ ಹೆಸರುಗಳನ್ನು ‘ನಿಟ್‌ಪಿಕ್_ಇಗ್ನೋರ್’ಗೆ ಹಾಕಬಹುದು, ಆದರೆ ಪ್ರತಿ ಸಾಲಿನ ಮೇಲೆ ಕಾರಣ ಬರೆಯಿರಿ. ರೆಗೆಕ್ಸ್ ಹಾಕಿ ಇಡೀ ಮಾಡ್ಯೂಲನ್ನೇ ಬಾಯಿಮುಚ್ಚಿಸುವುದನ್ನು ನಾನು ಒಪ್ಪುವುದಿಲ್ಲ, ಅದರ ಹಿಂದೆ ನಾಳೆಯ ನಿಜವಾದ ದೋಷಗಳೂ ಅಡಗುತ್ತವೆ. ‘ಲಿಂಕ್‌ಚೆಕ್’ ಬೇರೆ ಕೆಲಸ, ಅದು ಹೊರಗಿನ ವೆಬ್ ವಿಳಾಸಗಳು ಬದುಕಿವೆಯೇ ಎಂದು ನೋಡುತ್ತದೆ. ಅದನ್ನು ವಾರಕ್ಕೊಮ್ಮೆ ಓಡಿಸಿ, ಪ್ರತಿ ಬದಲಾವಣೆಗೂ ಬೇಡ. ಯಾರದೋ ಸರ್ವರ್ ಒಂದು ಗಳಿಗೆ ಮಲಗಿದ್ದಕ್ಕೆ ನಿಮ್ಮ ಕೆಲಸ ನಿಲ್ಲಬಾರದು.

ಕೊನೆಯದಾಗಿ, ಬಿಡುಗಡೆಗೆ ಮುಂಚೆ ಹಳೆಯ ಆವೃತ್ತಿಯ ‘ಆಬ್ಜೆಕ್ಟ್ಸ್.ಇನ್ವ್’ ಮತ್ತು ಹೊಸದನ್ನು ಎರಡೂ ತೆರೆದು, ಸಾಲುಗಳನ್ನು ಜೋಡಿಸಿ, ‘ಡಿಫ್’ ಮಾಡಿ. ಹಳೆಯದರಲ್ಲಿದ್ದು ಹೊಸದರಲ್ಲಿಲ್ಲದ ಪ್ರತಿ ಹೆಸರೂ ಯಾರದೋ ಡಾಕ್ಯುಮೆಂಟೇಶನ್‌ನಲ್ಲಿ ನಾಳೆ ಕಡಿಯಲಿರುವ ಲಿಂಕು. ಬೇಕೆಂದೇ ತೆಗೆದದ್ದಾದರೆ ಚೇಂಜ್‌ಲಾಗ್‌ನಲ್ಲಿ ಬರೆಯಿರಿ. ಫೈಲ್ ಸರಿಸಿದ್ದರಿಂದ ಹೋದದ್ದಾದರೆ ಹಳೆಯ ಹೆಸರನ್ನು ‘ಕೆನಾನಿಕಲ್’ ಆಗಿ ಸೇರಿಸಿ, ಹಳೆಯ ಪುಟದ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ ಹಾಕಿ, ಆಮೇಲೆ ಟ್ಯಾಗ್ ಮಾಡಿ.